ನಾನ್‌ಸ್ಟಿಕ್ ಕಾವಲಿ ವರ್ಷಕ್ಕೇ ಹಾಳಾಗುತ್ತಿದೆ: ಯಾವುದು ಕೊಳ್ಳೋದು, ಹೇಗೆ ಉಳಿಸಿಕೊಳ್ಳೋದು?

ಸುಮಾ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಅಂದ್ರೆ ಹೆಚ್ಚು ದಿನ ದೋಸೆ, ಇಲ್ಲದಿದ್ದರೆ ಅಕ್ಕಿ ರೊಟ್ಟಿ. ಮಾವನವರಿಗೆ ಎಣ್ಣೆ ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದ ಮೇಲೆ ನಾನ್‌ಸ್ಟಿಕ್ ಕಾವಲಿ ತಂದೆವು. ಮೊದಮೊದಲು ಬಹಳ ಚೆನ್ನಾಗಿತ್ತು. ದೋಸೆ ತಾನಾಗಿಯೇ ಎದ್ದು ಬರುತ್ತಿತ್ತು. ಈಗ ನಡುಭಾಗದ ಕಪ್ಪು ಮಾಸಿ ಬೂದು ಬಣ್ಣಕ್ಕೆ ತಿರುಗಿದೆ. ದೋಸೆ ಅಲ್ಲೇ ಹಿಡಿಯುತ್ತದೆ. ಅಂಚಿನಲ್ಲಿ ಜಿಗುಟು ಜಿಗುಟಾದ ಕಂದು ಕಲೆ, ಎಷ್ಟು ತೊಳೆದರೂ ಹೋಗಲ್ಲ. ಒಲೆ ಮೇಲೆ ಇಟ್ಟರೆ ಕಾವಲಿ ಸ್ವಲ್ಪ ಅಲ್ಲಾಡುತ್ತದೆ ಕೂಡ.

ಹೊಸದು ತರಬೇಕು. ಅಂಗಡಿಗೆ ಹೋದರೆ ಗ್ರಾನೈಟ್ ಅಂತಾರೆ, ಸೆರಾಮಿಕ್ ಅಂತಾರೆ, ಹಾರ್ಡ್ ಅನೊಡೈಸ್ಡ್ ಅಂತಾರೆ, ಐದು ಪದರದ ಕೋಟಿಂಗ್ ಅಂತಾರೆ. ಇದರಲ್ಲಿ ನಿಜವಾದ ವ್ಯತ್ಯಾಸ ಏನು? ಕೋಟಿಂಗ್ ಹೊಟ್ಟೆಗೆ ಹೋದರೆ ಕ್ಯಾನ್ಸರ್ ಬರುತ್ತೆ ಅಂತ ನಾದಿನಿ ಹೆದರಿಸಿದ್ದಾಳೆ. ತಿಳಿದವರು ಹೇಳಿ.

ಮಂಜುನಾಥ, ಪಾತ್ರೆ ಅಂಗಡಿ, ಶಿವಮೊಗ್ಗ

ಸುಮಾ ಮೇಡಂ, ಈ ದೂರು ಹೊತ್ತುಕೊಂಡು ನಮ್ಮ ಅಂಗಡಿಗೆ ಬರುವವರು ತುಂಬಾ ಜನ. ಯಾವುದು ಕೊಳ್ಳಬೇಕು ಅನ್ನೋದಕ್ಕೆ ಮುಂಚೆ ಎರಡು ವಿಷಯ ಕೇಳ್ತೀನಿ. ಕಾವಲಿಯನ್ನು ಗ್ಯಾಸ್‌ನ ದೊಡ್ಡ ಬರ್ನರ್ ಮೇಲೆ ಇಡ್ತೀರಾ? ಒಂದು ರೊಟ್ಟಿ ತೆಗೆದ ಮೇಲೆ ಮುಂದಿನದು ತಟ್ಟೋಕೆ ಕಾವಲಿಯನ್ನು ಹೇಗೆ ಆರಿಸ್ತೀರಿ?

ಸುಮಾ, ಹಾಸನ

ದೊಡ್ಡ ಬರ್ನರ್ ಮೇಲೆಯೇ ಅಣ್ಣ. ಆರಿಸೋದು ಎಲ್ಲರ ಮನೆಯಲ್ಲಿ ಮಾಡುವ ಹಾಗೆಯೇ. ಸಿಂಕ್‌ನಲ್ಲಿ ಬೋರಲು ಹಿಡಿದು ಬೆನ್ನಿಗೆ ನಲ್ಲಿ ನೀರು ಬಿಡ್ತೀವಿ. ಅತ್ತೆ ಕಬ್ಬಿಣದ ಕಾವಲಿಗೂ ಹೀಗೇ ಮಾಡುತ್ತಿದ್ದರು.

ಮಂಜುನಾಥ, ಪಾತ್ರೆ ಅಂಗಡಿ, ಶಿವಮೊಗ್ಗ

ಕಾವಲಿ ಅಲ್ಲಾಡೋಕೆ ಕಾರಣ ಅದೇ ಮೇಡಂ. ನಾನ್‌ಸ್ಟಿಕ್‌ನ ಒಳಗಿರೋದು ಅಲ್ಯುಮಿನಿಯಂ. ಬಿಸಿ ತಾಗಿದರೆ ಬೇಗ ಹಿಗ್ಗುತ್ತದೆ, ತಣ್ಣೀರು ಬಿದ್ದರೆ ಗಕ್ಕನೆ ಕುಗ್ಗುತ್ತದೆ. ಎಲ್ಲ ಕಡೆ ಒಂದೇ ಸಮ ಕುಗ್ಗಲ್ಲ. ಹಾಗಾಗಿ ತಳ ಡೊಂಕಾಗುತ್ತದೆ, ನಡು ಉಬ್ಬುತ್ತದೆ. ಕೋಟಿಂಗ್ ಮತ್ತು ಲೋಹ ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗೋದೂ ಇಲ್ಲ. ದಿನಾ ಬೆಳಿಗ್ಗೆ ಹೀಗೆ ಎಳೆದಾಡಿದರೆ ಅವೆರಡರ ಹಿಡಿತ ಸಡಿಲವಾಗುತ್ತದೆ. ನಡುಭಾಗವೇ ಮೊದಲು ಹೋಗಿರೋದು ಯಾಕೆ ಅಂದ್ರೆ ಬೆಂಕಿ ನೇರ ಬೀಳೋದು ಅಲ್ಲಿಗೇ.

ಕಬ್ಬಿಣದ ಕಾವಲಿಗೆ ಹೊಂದುತ್ತಿದ್ದ ಅಭ್ಯಾಸಗಳನ್ನೇ ನಾವು ನಾನ್‌ಸ್ಟಿಕ್‌ಗೂ ತಂದಿದ್ದೀವಿ. ಖಾಲಿ ಕಾವಲಿಯನ್ನು ಜೋರು ಉರಿಯಲ್ಲಿ ಹೊಗೆಯಾಡುವಷ್ಟು ಕಾಯಿಸೋದು, ನೀರು ಚಿಮುಕಿಸಿ ಚುಂಯ್ ಅನ್ನಿಸೋದು, ಸ್ಟೀಲ್ ಮಗುಚುವ ಕೈಯಿಂದ ಕೆರೆದು ತೆಗೆಯೋದು, ತೆಂಗಿನ ನಾರು ಹಾಕಿ ಉಜ್ಜೋದು. ದಪ್ಪ ಕಬ್ಬಿಣ ಇದನ್ನೆಲ್ಲ ತಡೆದುಕೊಳ್ಳುತ್ತಿತ್ತು. ನಾನ್‌ಸ್ಟಿಕ್‌ಗೆ ಈ ನಾಲ್ಕೂ ಆಗಲ್ಲ. ಎಷ್ಟು ದುಬಾರಿಯದು ತಂದರೂ ಈ ನಾಲ್ಕು ಬಿಡದಿದ್ದರೆ ವರ್ಷಕ್ಕಿಂತ ಜಾಸ್ತಿ ಬಾಳಿಕೆ ಬರಲ್ಲ. ವ್ಯಾಪಾರ ಮಾಡುವವನಾಗಿಯೇ ಇದನ್ನು ಹೇಳ್ತಿದ್ದೀನಿ.

ಇನ್ನು ಕೊಳ್ಳುವ ವಿಚಾರ. ಮೊದಲು ನೋಡಬೇಕಾದ್ದು ದಪ್ಪ. ದೋಸೆ ಕಾವಲಿಗೆ 3 ಮಿಲಿಮೀಟರ್ ಆದರೂ ಇರಲಿ, 4 ಸಿಕ್ಕಿದರೆ ಇನ್ನೂ ಒಳ್ಳೆಯದು. ತೆಳ್ಳಗಿನದು ಬೆಂಕಿ ಬಿದ್ದಲ್ಲಿ ಮಾತ್ರ ಕಾಯುತ್ತದೆ, ಬೇಗ ಡೊಂಕಾಗುತ್ತದೆ. ಎಷ್ಟು ದಪ್ಪ ಅನ್ನೋದು ಸಾಮಾನ್ಯವಾಗಿ ಡಬ್ಬದ ಮೇಲೆ ಇರುತ್ತದೆ. ಇಲ್ಲದಿದ್ದರೆ ಒಂದೇ ಅಗಲದ ಎರಡು ಕಾವಲಿಯನ್ನು ಕೈಯಲ್ಲಿ ತೂಗಿ ನೋಡಿ, ಗೊತ್ತಾಗುತ್ತದೆ. ಆಮೇಲೆ ಅಂಗಡಿಯ ಗಾಜಿನ ಮೇಜಿನ ಮೇಲೆ ಇಟ್ಟು ಅಂಚನ್ನು ಬೆರಳಲ್ಲಿ ಒತ್ತಿ. ಹೊಸದೇ ಅಲ್ಲಾಡಿದರೆ ಬೇಡ. ಹಿಡಿಯ ತಿರುಪು ಗಟ್ಟಿಯಾಗಿದೆಯಾ ನೋಡಿ. ಇಂಡಕ್ಷನ್ ಒಲೆ ಇದ್ದರೆ ತಳಕ್ಕೆ ಅಯಸ್ಕಾಂತ ಅಂಟಬೇಕು, ಅದೂ ನಡುವೆ ಮಾತ್ರ ಅಲ್ಲ, ಆದಷ್ಟು ಅಗಲಕ್ಕೆ. ಫ್ರಿಜ್ ಮೇಲೆ ಅಂಟಿಸುವ ಬೊಂಬೆ ತಗೊಂಡು ಹೋದರೂ ಸಾಕು.

ಗ್ರಾನೈಟ್, ಮಾರ್ಬಲ್, ಸ್ಟೋನ್ ಅಂತ ಬರೆದಿರುವ ಹೆಚ್ಚಿನವುಗಳಲ್ಲಿ ಕಲ್ಲು ಇರಲ್ಲ. ಅದೇ ಟೆಫ್ಲಾನ್ ಜಾತಿಯ ಕೋಟಿಂಗ್ ಮೇಲೆ ಚುಕ್ಕೆ ಚುಕ್ಕೆ ಬಣ್ಣ ಕೊಟ್ಟಿರುತ್ತಾರೆ. ನೋಡೋಕೆ ಚೆಂದ, ಅಷ್ಟೇ. ಹಾರ್ಡ್ ಅನೊಡೈಸ್ಡ್ ಅನ್ನೋದು ಒಳಗಿನ ಅಲ್ಯುಮಿನಿಯಂಗೆ ಕೊಡುವ ಸಂಸ್ಕರಣೆ. ಲೋಹದ ಮೇಲ್ಮೈ ಗಟ್ಟಿಯಾಗುತ್ತದೆ, ಅದಕ್ಕೆ ಬೆಲೆ ಇದೆ. ಆದರೆ ಬರೀ ಹಾರ್ಡ್ ಅನೊಡೈಸ್ಡ್ ಅಂದ್ರೆ ನಾನ್‌ಸ್ಟಿಕ್ ಅಂತ ಅರ್ಥ ಅಲ್ಲ. ಅದರ ಮೇಲೆ ಕೋಟಿಂಗ್ ಇದೆಯೋ ಇಲ್ಲವೋ ಕೇಳಿಯೇ ತಗೊಳ್ಳಿ.

ಪಾಟೀಲ ಮಾಸ್ತರು, ಧಾರವಾಡ

ಕ್ಯಾನ್ಸರ್ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಲವು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು. ಇಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಜನ ಒಂದೇ ಎಂದುಕೊಂಡಿದ್ದಾರೆ. ಅದಕ್ಕೇ ಈ ಗೊಂದಲ.

ಪಾತ್ರೆಯ ಮೇಲಿರುವ ಪದರ ಪಿಟಿಎಫ್‌ಇ. ಟೆಫ್ಲಾನ್ ಅನ್ನುವುದು ಅದರ ಒಂದು ಬ್ರ್ಯಾಂಡ್ ಹೆಸರು. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ಯುವ ವಿಜ್ಞಾನಿ ಫ್ರಿಜ್‌ಗೆ ಬೇಕಾದ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದರು. 1938ರ ಏಪ್ರಿಲ್ 6ರಂದು ಒಂದು ಸಿಲಿಂಡರ್‌ನ ಕವಾಟ ತೆರೆದರೆ ಅನಿಲ ಹೊರಗೆ ಬರಲೇ ಇಲ್ಲ. ತೂಕ ನೋಡಿದರೆ ಮಾತ್ರ ತುಂಬಿದ ಸಿಲಿಂಡರ್‌ನಷ್ಟೇ ಇದೆ. ಗರಗಸದಿಂದ ಕೊಯ್ಸಿದಾಗ ಒಳಗೆ ಸಿಕ್ಕಿದ್ದು ಜಾರುವ ಬಿಳಿ ಪುಡಿ. ಅನಿಲದ ಅಣುಗಳೆಲ್ಲ ತಾವಾಗಿಯೇ ಹೆಣೆದುಕೊಂಡು ಉದ್ದುದ್ದ ಸರಪಳಿಗಳಾಗಿದ್ದವು. ಆ ಸರಪಳಿಯಲ್ಲಿ ಕಾರ್ಬನ್ನಿನ ಸುತ್ತ ಫ್ಲೋರಿನ್ ಬಿಗಿಯಾಗಿ ಕೂತಿರುತ್ತದೆ. ಬೇರೆ ಯಾವುದರ ಜೊತೆಗೂ ಸುಲಭಕ್ಕೆ ಸೇರುವುದಿಲ್ಲ. ದೋಸೆ ಅಂಟದಿರುವುದು ಇದರಿಂದಲೇ. ಚಕ್ಕೆ ಎದ್ದು ಒಂದು ಚೂರು ಹೊಟ್ಟೆಗೆ ಹೋದರೆ ಅದು ಕರಗುವುದಿಲ್ಲ, ಹೋದ ಹಾಗೆಯೇ ಹೊರಗೆ ಹೋಗುತ್ತದೆ. ಆ ಚೂರಿಗೆ ಹೆದರಬೇಕಾಗಿಲ್ಲ ಸುಮಾ ಅವರೇ.

ಎರಡನೆಯದು ಪಿಎಫ್‌ಒಎ. ಇದು ಪಿಟಿಎಫ್‌ಇ ತಯಾರಿಸುವಾಗ ಕಾರ್ಖಾನೆಯಲ್ಲಿ ಬಳಸುತ್ತಿದ್ದ ರಾಸಾಯನಿಕ. ಅನಾಹುತ ಮಾಡಿದ್ದು ಇದು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ, ಒಹಾಯೊ ನದಿಯ ದಂಡೆಯ ಪಾರ್ಕರ್ಸ್‌ಬರ್ಗ್ ಹತ್ತಿರ ಡುಪಾಂಟ್ ಕಾರ್ಖಾನೆ ಇತ್ತು. ಅಲ್ಲಿನ ಪಿಎಫ್‌ಒಎ ಸುತ್ತಲಿನ ಊರುಗಳ ಕುಡಿಯುವ ನೀರಿಗೆ ಸೇರಿತು. ಆ ಜನರನ್ನು ಅಧ್ಯಯನ ಮಾಡಿದ ವಿಜ್ಞಾನಿಗಳ ಸಮಿತಿ ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ ಸೇರಿ ಆರು ಕಾಯಿಲೆಗಳಿಗೂ ಆ ನೀರಿಗೂ ನಂಟು ಇರುವ ಸಂಭವವಿದೆ ಎಂದು ಹೇಳಿತು. 2017ರಲ್ಲಿ ಸುಮಾರು 67 ಕೋಟಿ ಡಾಲರ್‌ಗೆ ಸಾವಿರಾರು ಮೊಕದ್ದಮೆಗಳು ರಾಜಿಯಾದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಪಿಎಫ್‌ಒಎಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿತು. ನಿಮ್ಮ ನಾದಿನಿ ಕೇಳಿರುವ ಸುದ್ದಿಯ ಬೇರು ಇಲ್ಲಿದೆ. ಆ ಜನ ತೊಂದರೆಗೊಳಗಾದದ್ದು ಪಾತ್ರೆಯಿಂದ ಅಲ್ಲ, ನೀರಿನಿಂದ. ಅವರ ಕಷ್ಟ ಸಣ್ಣದಲ್ಲ, ಅದನ್ನು ಮರೆಯಬಾರದು.

ದೊಡ್ಡ ಕಂಪನಿಗಳು 2015ರ ಹೊತ್ತಿಗೆ ಅಮೆರಿಕದಲ್ಲಿ ಇದನ್ನು ಬಿಟ್ಟವು. ಈಗ ಡಬ್ಬದ ಮೇಲೆ ಪಿಎಫ್‌ಒಎ ಇಲ್ಲ ಎಂದು ದೊಡ್ಡದಾಗಿ ಹಾಕುತ್ತಾರೆ. ಇರಲೇಬೇಕಾದ ಮಾತು ಅದು. ಆದರೆ ಅಷ್ಟು ಓದಿ ಕೋಟಿಂಗ್ ಟೆಫ್ಲಾನ್ ಅಲ್ಲ ಎಂದುಕೊಳ್ಳಬೇಡಿ. ಪಿಟಿಎಫ್‌ಇ ಇಲ್ಲ ಎಂದು ಬೇರೆಯಾಗಿ ಬರೆದಿದ್ದರೆ ಮಾತ್ರ ಅದು ಇಲ್ಲ.

ಅಡುಗೆಮನೆಯಲ್ಲಿ ಹೆದರಬೇಕಾದ್ದು ಅತಿ ಬಿಸಿಗೆ. ಪಿಟಿಎಫ್‌ಇ ಸುಮಾರು 260 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕೆಡುತ್ತದೆ. 327ಕ್ಕೆ ಕರಗುತ್ತದೆ. 350ರ ಮೇಲೆ ಜೋರಾಗಿ ಒಡೆದು ಕೆಟ್ಟ ಹೊಗೆ ಬಿಡುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ, ಕೆಮ್ಮು, ಎದೆ ಬಿಗಿತ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ದೋಸೆಗೆ 200 ಡಿಗ್ರಿಯ ಆಸುಪಾಸು ಸಾಕು. ಎಣ್ಣೆ ಹಾಕಿದ್ದರೆ ಎಣ್ಣೆಯೇ ಎಚ್ಚರಿಸುತ್ತದೆ. ರಿಫೈನ್ಡ್ ಎಣ್ಣೆಗಳು ಸುಮಾರು 230 ಡಿಗ್ರಿಗೆ ಹೊಗೆಯಾಡುತ್ತವೆ. ಹೊಗೆ ಕಂಡ ಕೂಡಲೇ ಉರಿ ಇಳಿಸಿದರೆ ಆಯಿತು. ಖಾಲಿ ಪಾತ್ರೆ ಮಾತ್ರ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಜೋರು ಉರಿಯಲ್ಲಿ ಕೆಲವೇ ನಿಮಿಷಕ್ಕೆ 260 ದಾಟಿಬಿಡುತ್ತದೆ. ಫೋನ್ ಬಂತು ಎಂದು ಹಾಲ್‌ಗೆ ಹೋಗಿ ಬರುವಷ್ಟು ಹೊತ್ತು ಸಾಕು.

ಕಾವ್ಯಾ, ಜೆಪಿ ನಗರ

ಮಾಸ್ತರೇ, 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ ಆಹಾರ ಸಲಹೆಯಲ್ಲಿ 170 ಡಿಗ್ರಿ ದಾಟಿದರೆ ಅಪಾಯ ಅಂತ ಇತ್ತಲ್ವಾ? ಮಣ್ಣಿನ ಪಾತ್ರೆಯೇ ಒಳ್ಳೆಯದು ಅಂತಲೂ ಹೇಳಿದ್ದರು.

ಪಾಟೀಲ ಮಾಸ್ತರು, ಧಾರವಾಡ

ಹೌದು, ಇತ್ತು. ಅವರದು ಬಹಳ ಎಚ್ಚರಿಕೆಯ ಗೆರೆ. ವಸ್ತು ಒಡೆಯುವ ಬಿಸಿ ಅದಕ್ಕಿಂತ ಸಾಕಷ್ಟು ಮೇಲಿದೆ. ಆದರೆ ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಬಿಡಬೇಡಿ, ಕೋಟಿಂಗ್ ಸವೆದರೆ ಎಸೆಯಿರಿ ಎಂದು ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅದನ್ನು ಪಾಲಿಸಿದರೆ ಯಾವ ಅಂಕಿ ಹಿಡಿದರೂ ನೀವು ಈಚೆಯೇ ಇರುತ್ತೀರಿ. ಮಣ್ಣಿನ ಪಾತ್ರೆಯಲ್ಲಿ ಸಾರು, ಮೀನು ಗಸಿ ಮಾಡಬಹುದು. ದಿನಾ ದೋಸೆ ಹುಯ್ಯಲು ಆಗುವುದಿಲ್ಲ.

ಇಮ್ರಾನ್, ಭಟ್ಕಳ

ನಮ್ಮ ಅಡುಗೆಮನೆ ಪಕ್ಕದಲ್ಲೇ ಲವ್‌ಬರ್ಡ್ಸ್ ಪಂಜರ ಇದೆ. ನಾನ್‌ಸ್ಟಿಕ್ ಹೊಗೆಯಿಂದ ಹಕ್ಕಿ ಸಾಯುತ್ತೆ ಅಂತ ಕೇಳಿದೆ. ನಿಜವಾ ಸರ್?

ಪಾಟೀಲ ಮಾಸ್ತರು, ಧಾರವಾಡ

ನಿಜ. ಇವತ್ತೇ ಪಂಜರ ಸ್ಥಳ ಬದಲಿಸಿ. ಹಕ್ಕಿಗಳ ಶ್ವಾಸಕೋಶದ ರಚನೆಯೇ ಬೇರೆ. ಉಸಿರಿನ ಗಾಳಿಯನ್ನು ಅವು ನಮಗಿಂತ ಪೂರ್ತಿಯಾಗಿ ಹೀರಿಕೊಳ್ಳುತ್ತವೆ. ಕಾದು ಕೆಟ್ಟ ಟೆಫ್ಲಾನ್ ಹೊಗೆಯಿಂದ ಗಿಣಿ, ಲವ್‌ಬರ್ಡ್ಸ್ ನಿಮಿಷಗಳಲ್ಲೇ ಸಾಯಬಹುದು. ಮನುಷ್ಯರಿಗೆ ಗೊತ್ತೂ ಆಗದಷ್ಟು ಹೊಗೆ ಅವಕ್ಕೆ ಸಾಕಾಗುತ್ತದೆ. ಇದು ಪಶುವೈದ್ಯರಿಗೆಲ್ಲ ಗೊತ್ತಿರುವ ವಿಷಯ.

ಬಸವರಾಜ, ದಾವಣಗೆರೆ

ಇಷ್ಟೆಲ್ಲ ತಲೆಬಿಸಿ ಯಾಕೆ? ಕಬ್ಬಿಣದ ಕಾವಲಿ ತಗೊಳ್ಳಿ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ನಮ್ಮೂರ ಬೆಣ್ಣೆ ದೋಸೆ ಯಾರಾದರೂ ನಾನ್‌ಸ್ಟಿಕ್ ಮೇಲೆ ಹುಯ್ದಿದ್ದು ನೋಡಿದ್ದೀರಾ? ಸೌದೆ ಒಲೆ, ಬೆರಳು ದಪ್ಪದ ಕಬ್ಬಿಣ. ಅಂಚು ಗರಿ, ನಡು ಮೆತ್ತಗೆ. ಆ ಬಣ್ಣ ನಾನ್‌ಸ್ಟಿಕ್‌ನಲ್ಲಿ ಬರಲ್ಲ. ಪಳಗಿದ ಕಾವಲಿಯಲ್ಲಿ ದೋಸೆ ಏಳೋಕೂ ಎಣ್ಣೆ ಜಾಸ್ತಿ ಬೇಡ. ಎಣ್ಣೆ ಕಾದು ಕಾದು ಕಬ್ಬಿಣದ ಮೇಲೆ ಗಟ್ಟಿ ಪದರವಾಗಿ ಕೂತಿರುತ್ತದೆ. ಅದು ಹೋದರೂ ಮತ್ತೆ ಎಣ್ಣೆ ಸವರಿ ಪಳಗಿಸಬಹುದು. ನಾನ್‌ಸ್ಟಿಕ್‌ದು ಹೋದರೆ ಹೋಯ್ತು.

ಮೀನಾಕ್ಷಿ ಹೆಗಡೆ, ಶಿರಸಿ

ಬಸವರಾಜ್ ಅವರೇ, ನೀವು ಹೇಳುವುದು ಸರಿ. ನಮ್ಮಲ್ಲೂ ತೆಳ್ಳೇವಿಗೆ, ಅಂದ್ರೆ ನಮ್ಮ ಕಡೆಯ ತೆಳು ದೋಸೆಗೆ, ಕಬ್ಬಿಣದ ಕಾವಲಿಯೇ. ಆದರೆ ನನ್ನ ತಾಯಿಗೆ ಮಣಿಕಟ್ಟಿನ ನೋವು. ಆ ಭಾರದ ಕಾವಲಿಯನ್ನು ಒಲೆಯಿಂದ ಇಳಿಸೋಕೆ ಅವರಿಗೆ ಆಗಲ್ಲ. ಅಡುಗೆ ಬಿಡೋಕೂ ಮನಸ್ಸಿಲ್ಲ. ಹಗುರವಾದ ನಾನ್‌ಸ್ಟಿಕ್ ತಂದ ಮೇಲೆ ಮತ್ತೆ ತಾವೇ ದೋಸೆ ಮಾಡುತ್ತಾರೆ. ವಯಸ್ಸಾದವರಿಗೆ, ಒಬ್ಬರೇ ಇರುವವರಿಗೆ ಇದೊಂದು ದೊಡ್ಡ ಅನುಕೂಲ. ಅದನ್ನೂ ನೋಡಬೇಕಲ್ವಾ?

ಸುಮಾ, ಅಕ್ಕಿ ರೊಟ್ಟಿ ವಿಷಯಕ್ಕೆ ಬರ್ತೀನಿ. ನಿಜ ಹೇಳಬೇಕಂದ್ರೆ ಅಕ್ಕಿ ರೊಟ್ಟಿಗೆ ನಾನ್‌ಸ್ಟಿಕ್ ಬಹಳ ಹೊಂದುತ್ತದೆ. ಸಣ್ಣ ಉರಿ, ಮೇಲೆ ಮುಚ್ಚಳ, ನಿಧಾನಕ್ಕೆ ಬೇಯೋದು. ಅದಕ್ಕೆ ಬೇಕಾದ್ದೇ ಇದು. ಕಷ್ಟ ಇರೋದು ಬಿಸಿ ಕಾವಲಿ ಮೇಲೆ ತಟ್ಟೋಕಾಗಲ್ಲ ಅನ್ನೋದು ಒಂದೇ. ಕಾವಲಿ ಮೇಲೆ ತಟ್ಟೋದನ್ನೇ ಬಿಡಿ. ಬಾಳೆ ಎಲೆಗೆ ಎಣ್ಣೆ ಸವರಿ ಅದರ ಮೇಲೆ ತಟ್ಟಿ. ಎಲೆ ಸಮೇತ ಕಾವಲಿ ಮೇಲೆ ಬೋರಲು ಹಾಕಿ. ಅರ್ಧ ನಿಮಿಷ ಬಿಟ್ಟು ಎಲೆಯ ಒಂದು ತುದಿ ಹಿಡಿದು ಮೆಲ್ಲಗೆ ಎಳೆದರೆ ಬಿಟ್ಟು ಬರುತ್ತದೆ. ಎಲೆ ಬಾಡಿದ ಮೇಲೆ ಇನ್ನೂ ಸಲೀಸು. ಬಾಳೆ ಎಲೆ ಸಿಗದಿದ್ದರೆ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಆಗುತ್ತದೆ. ಬೆರಳಿಂದ ನಡುವೆ ತೂತು ಮಾಡೋದನ್ನು ಮಾತ್ರ ಬಿಡಬೇಡಿ, ಎಣ್ಣೆ ಅಲ್ಲಿಂದಲೇ ಕೆಳಗಿಳಿಯಬೇಕು. ಕಾವಲಿ ಮೇಲೇ ತಟ್ಟಬೇಕು ಅನ್ನೋದಾದರೆ ಎರಡು ಕಾವಲಿ ಇಟ್ಟುಕೊಳ್ಳಿ. ಒಂದು ಒಲೆ ಮೇಲಿರುವಾಗ ಇನ್ನೊಂದು ತಾನಾಗಿಯೇ ಆರುತ್ತದೆ.

ದೋಸೆಗೆ ಇನ್ನೊಂದು ಮಾತು. ನಾನ್‌ಸ್ಟಿಕ್ ಮೇಲೆ ಹಿಟ್ಟು ಹರಡೋಕಾಗಲ್ಲ, ಸೌಟಿನ ಜೊತೆಗೇ ಎದ್ದು ಬರುತ್ತೆ ಅಂತ ತುಂಬಾ ಜನ ಹೇಳುತ್ತಾರೆ. ಮೊದಲೇ ಎಣ್ಣೆ ಸವರೋದರಿಂದ ಮತ್ತು ಕಾವಲಿ ಅತಿ ಕಾಯೋದರಿಂದ ಹಾಗಾಗುತ್ತದೆ. ಹುಯ್ಯುವ ಮುಂಚೆ ಎಣ್ಣೆ ಬೇಡ. ಉರಿ ಸಣ್ಣ ಮಾಡಿ, ಮಡಿಸಿದ ಬಟ್ಟೆಯನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ಕಾವಲಿಯನ್ನು ಒಂದು ಸುತ್ತು ಒರೆಸಿ. ಹಿಟ್ಟು ಹಾಕಿ, ಸೌಟಿನ ತಳ ಒತ್ತದೆ ನಡುವಿನಿಂದ ಹೊರಕ್ಕೆ ತಿರುಗಿಸುತ್ತಾ ಹೋಗಿ. ಹರಡಿದ ಮೇಲೆ ಉರಿ ಏರಿಸಿ. ಮೇಲ್ಗಡೆಯ ಹಸಿ ಹಿಟ್ಟು ಆರಿ ಹೊಳಪು ಹೋದಾಗ ಅಂಚಿಗೆ ನಾಲ್ಕು ಹನಿ ಎಣ್ಣೆ ಬಿಡಿ. ಅರ್ಧ ಹೆಚ್ಚಿದ ಈರುಳ್ಳಿಯಿಂದ ಒರೆಸೋ ಅಭ್ಯಾಸ ಇದ್ದರೆ ಒರೆಸಿ, ತೊಂದರೆ ಏನೂ ಇಲ್ಲ. ನೀರು ಚಿಮುಕಿಸೋದು ಮಾತ್ರ ಬೇಡ.

ಸುಮಾ, ಹಾಸನ

ಮೀನಾಕ್ಷಿ ಅಕ್ಕ, ಹಿಟ್ಟು ಎದ್ದು ಬರೋದು ನಮ್ಮಲ್ಲೂ ಇತ್ತು. ಹಿಟ್ಟು ಸರಿ ಹುಳಿ ಬಂದಿಲ್ಲ ಅಂತ ಅಂದುಕೊಂಡಿದ್ದೆ. ನಾಳೆಯೇ ಒದ್ದೆ ಬಟ್ಟೆ ಮಾಡಿ ನೋಡ್ತೀನಿ. ಕಾವಲಿ ಎಷ್ಟು ಕಾದಿದೆ ಅಂತ ತಿಳಿಯೋದು ಹೇಗೆ?

ಮೀನಾಕ್ಷಿ ಹೆಗಡೆ, ಶಿರಸಿ

ಬೆರಳ ತುದಿಯಿಂದ ಒಂದೇ ಒಂದು ಹನಿ ನೀರು ಬಿಡಿ. ಅಷ್ಟರಿಂದ ಏನೂ ಆಗಲ್ಲ. ಸದ್ದು ಮಾಡಿ ಇದ್ದಲ್ಲೇ ಇಂಗಿದರೆ ಹುಯ್ಯಬಹುದು. ಗುಂಡಗೆ ಉರುಳಿ ಅತ್ತಿತ್ತ ಓಡಾಡಿದರೆ ಜಾಸ್ತಿ ಕಾದಿದೆ ಅಂತ. ಉರಿ ಆರಿಸಿ ಸ್ವಲ್ಪ ಹೊತ್ತು ಕಾಯಿರಿ.

ವಿನಯ್, ಮಿನಿಯಾಪೊಲಿಸ್

ನಾನಿರುವ ಮಿನೆಸೋಟ ರಾಜ್ಯದಲ್ಲಿ 2025ರ ಜನವರಿ 1ರಿಂದ ಟೆಫ್ಲಾನ್ ಜಾತಿಯ ಕೋಟಿಂಗ್ ಇರುವ ಪಾತ್ರೆಗಳ ಮಾರಾಟವೇ ನಿಂತಿದೆ. ಬೇಕೆಂದೇ ಪಿಎಫ್‌ಎಎಸ್ ಸೇರಿಸಿದ ವಸ್ತುಗಳನ್ನು ಒಂದೊಂದಾಗಿ ನಿಲ್ಲಿಸುವ ಕಾನೂನು ಅದು. ಪಿಎಫ್‌ಎಎಸ್ ಅಂದ್ರೆ ಮಾಸ್ತರು ಹೇಳಿದ ಪಿಎಫ್‌ಒಎ, ಪಿಟಿಎಫ್‌ಇ ಎರಡೂ ಸೇರುವ ದೊಡ್ಡ ಕುಟುಂಬ. ಇವು ಮಣ್ಣಲ್ಲಿ, ನೀರಲ್ಲಿ ಕೊಳೆಯದೆ ಉಳಿದುಬಿಡುತ್ತವೆ. ಕಾನೂನಿಗೆ ಅಮಾರಾ ಸ್ಟ್ರಾಂಡಿ ಎಂಬ ಯುವತಿಯ ಹೆಸರಿಟ್ಟಿದ್ದಾರೆ. ಅಪರೂಪದ ಯಕೃತ್ತಿನ ಕ್ಯಾನ್ಸರ್ ಇದ್ದ ಆಕೆ ಕಾಯಿಲೆಯಲ್ಲೇ ಶಾಸಕರ ಮುಂದೆ ಬಂದು ಮಾತಾಡಿದಳು. 2023ರಲ್ಲಿ, 20ರ ವಯಸ್ಸಿನಲ್ಲಿ ತೀರಿಕೊಂಡಳು. ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಸುರಕ್ಷಿತವೇ ಆಗಿರಲಿ. ಅದನ್ನು ಮಾಡುವ ಕಡೆ ನೀರು ಕೆಡುತ್ತದೆ ಅನ್ನೋದು ನನ್ನ ಮನಸ್ಸಿಗೆ ತಾಗಿದ ವಿಷಯ.

ಹಾಗಾಗಿ ಈಗ ನಮ್ಮ ಮನೆಯಲ್ಲಿ ಸೆರಾಮಿಕ್ ಕೋಟಿಂಗ್‌ನ ಪ್ಯಾನ್ ಇದೆ. ಇದು ಸಿಲಿಕಾ ಆಧಾರದ ಪದರ, ಫ್ಲೋರಿನ್ ಇಲ್ಲ. ಅತಿ ಕಾದರೂ ಟೆಫ್ಲಾನ್ ಹೊಗೆಯ ಭಯ ಇಲ್ಲ. ಆದರೆ ಅಂಟದಿರುವ ಗುಣ ಬೇಗ ಹೋಗುತ್ತದೆ, ಇದನ್ನು ಮುಚ್ಚಿಡಬಾರದು. ಜೋರು ಉರಿಯಲ್ಲಿ ಎಣ್ಣೆ ಕರಕಲಾಗಿ ಅದರ ಮೇಲ್ಮೈಯಲ್ಲಿ ಕೂತುಬಿಟ್ಟರೆ ಮೊಟ್ಟೆ ಹಿಡಿಯೋಕೆ ಶುರುವಾಗುತ್ತದೆ. ಜೋಪಾನ ಟೆಫ್ಲಾನ್‌ಗಿಂತ ಜಾಸ್ತಿಯೇ ಬೇಕು.

ಮಂಜುನಾಥ, ಪಾತ್ರೆ ಅಂಗಡಿ, ಶಿವಮೊಗ್ಗ

ವಿನಯ್ ಅವರು ಹೇಳಿದ್ದು ಸರಿ. ದಿನಾ ದೋಸೆ ಮಾಡುವ ಮನೆಗೆ ನಾನು ಸೆರಾಮಿಕ್ ಕೊಡಲ್ಲ. ಆಮ್ಲೆಟ್, ಪನೀರ್ ಹೀಗೆ ಆಗಾಗ ಮಾಡುವವರಿಗೆ ಸರಿ.

ಇನ್ನೊಂದು ವಿಷಯ. 2024ರಲ್ಲಿ ಕೇಂದ್ರ ಸರ್ಕಾರ ಸ್ಟೀಲ್ ಮತ್ತು ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಎಂದು ಆದೇಶ ಮಾಡಿದೆ. ಡಬ್ಬದಲ್ಲಿ ಆ ಗುರುತು ಹುಡುಕಿ. ರಸ್ತೆ ಬದಿ ತೂಕಕ್ಕೆ ಮಾರುವ ಹೆಸರಿಲ್ಲದ ನಾನ್‌ಸ್ಟಿಕ್ ಬೇಡ. ಅದರ ಮೇಲೆ ಏನು ಬಳಿದಿದ್ದಾರೆ ಅಂತ ಮಾರುವವನಿಗೂ ಗೊತ್ತಿರಲ್ಲ.

ಆಕಾಶ್, ಪಿಜಿ ಅಡುಗೆ

ಸವೆದ ಕಾವಲಿಗೆ ಕಲ್ಲುಪ್ಪು ಹಾಕಿ ಕಂದು ಬಣ್ಣ ಬರುವವರೆಗೆ ಹುರಿದು ಒರೆಸಿದರೆ ಮತ್ತೆ ಹೊಸದರ ಹಾಗೆ ಆಗುತ್ತೆ ಅಂತ ವಿಡಿಯೋ ನೋಡಿದೆ. ಕಾವಲಿ ಎಸೆಯೋ ಮುಂಚೆ ಅದನ್ನು ಮಾಡಿ ನೋಡಬಹುದಲ್ಲ?

ಪಾಟೀಲ ಮಾಸ್ತರು, ಧಾರವಾಡ

ಬೇಡಪ್ಪ. ಕಬ್ಬಿಣದ ಬಾಣಲೆ ಪಳಗಿಸುವ ಪದ್ಧತಿ ಅದು. ನಾನ್‌ಸ್ಟಿಕ್‌ನಲ್ಲಿ ಉಪ್ಪು ಹುರಿಯುವುದೆಂದರೆ ಒಣ ಪಾತ್ರೆಯನ್ನು ಜೋರಾಗಿ ಕಾಯಿಸಿದಂತೆ. ಮೇಲೆ ಹರಳಿನಿಂದ ಗೀರು ಬೇರೆ. ಇನ್ನೊಂದು ಎಚ್ಚರಿಕೆ. ಹಳೆಯ ನಾನ್‌ಸ್ಟಿಕ್ ಕಾವಲಿಯನ್ನು ಬಿರಿಯಾನಿ ದಮ್‌ಗೆ ಪಾತ್ರೆಯ ಕೆಳಗೆ ಇಡುತ್ತಾರೆ. ಹಾಳಾದದ್ದು ತಾನೆ, ಇದಕ್ಕಾದರೂ ಆಗಲಿ ಎಂದು. ಅಲ್ಲಿ ಕಾವಲಿ ಅರ್ಧ ಗಂಟೆ ಒಣಗಿದ್ದು ಕಾಯುತ್ತಾ ಇರುತ್ತದೆ. ಉಳಿದ ಕೋಟಿಂಗ್ ಎಲ್ಲ ಹೊಗೆಯಾಗಿ ಮನೆ ತುಂಬುತ್ತದೆ. ದಮ್‌ಗೆ ಕಬ್ಬಿಣದ ಹಂಚೇ ಇರಲಿ.

ಹಾಗೆಯೇ ಸಾರಿನ ಪುಡಿಗೆ ಕೊತ್ತಂಬರಿ ಬೀಜ, ಮೆಣಸಿನಕಾಯಿ ಹುರಿಯುವುದು, ಜೋಳದ ರೊಟ್ಟಿ, ಫುಲ್ಕಾ ಎಲ್ಲ ಒಣ ಬಿಸಿಯ ಕೆಲಸಗಳು. ಇವು ನಾನ್‌ಸ್ಟಿಕ್‌ಗೆ ಬೇಡ.

ಕಾವ್ಯಾ, ಜೆಪಿ ನಗರ

ನನ್ನ ಕಷ್ಟ ಬೇರೆ. ನಾನು ಎಷ್ಟು ಜೋಪಾನ ಮಾಡಿದರೂ ಕೆಲಸಕ್ಕೆ ಬರುವ ಅಕ್ಕ ಎಲ್ಲ ಪಾತ್ರೆಗೂ ಸ್ಟೀಲ್ ಸ್ಕ್ರಬ್ಬರ್ ಹಾಕಿ ತಿಕ್ಕುತ್ತಾರೆ. ಹೇಳಿದರೆ ಎರಡು ದಿನ ನೆನಪಿರುತ್ತದೆ.

ಮೀನಾಕ್ಷಿ ಹೆಗಡೆ, ಶಿರಸಿ

ಅವರನ್ನು ಅನ್ನಬೇಡಿ ಕಾವ್ಯಾ. ನಾಲ್ಕು ಮನೆ ಪಾತ್ರೆ ತಿಕ್ಕುವವರು ಒಂದೊಂದಕ್ಕೂ ಬೇರೆ ಸ್ಕ್ರಬ್ಬರ್ ಹುಡುಕಿಕೊಂಡು ಕೂರೋಕಾಗಲ್ಲ. ನಾನ್‌ಸ್ಟಿಕ್ ಅನ್ನು ಆ ರಾಶಿಗೇ ಹಾಕಬೇಡಿ. ತಿಂಡಿ ಆದ ಮೇಲೆ ಕಾವಲಿ ಪೂರ್ತಿ ಆರಲಿ. ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಸ್ಪಂಜು. ಒಂದು ನಿಮಿಷದ ಕೆಲಸ. ಸ್ಪಂಜಿನ ಹಳದಿ ಬದಿಯಿಂದ ಮಾತ್ರ ತೊಳೆಯಿರಿ. ಹಸಿರು ಬದಿ ಒರಟು, ಅದೂ ಗೀರು ಮಾಡುತ್ತದೆ. ಒರೆಸಿ ಗೋಡೆಯ ಮೊಳೆಗೆ ನೇತುಹಾಕಿ. ಒಂದರ ಮೇಲೊಂದು ಪೇರಿಸಿದರೆ ಮೇಲಿನ ಪಾತ್ರೆಯ ತಳ ಕೆಳಗಿನದನ್ನು ಕೆರೆಯುತ್ತದೆ. ಪೇರಿಸಲೇಬೇಕಾದರೆ ನಡುವೆ ಹಳೇ ಬಟ್ಟೆ ಇಡಿ.

ಸುಮಾ ಅವರು ಹೇಳಿದ ಅಂಚಿನ ಜಿಗುಟು ಕಲೆ ಕೋಟಿಂಗ್ ಅಲ್ಲ, ಕಾದು ಗಟ್ಟಿಯಾದ ಎಣ್ಣೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಕಾವಲಿಗೆ ಸುರಿದು ಸಣ್ಣ ಉರಿಯಲ್ಲಿ ಕುದಿಸಿ. ಕಾವಲಿಗೆ ಅಂಚು ಕಡಿಮೆ ಇರುವುದರಿಂದ ಸ್ವಲ್ಪ ಸ್ವಲ್ಪ ಹಾಕಿ. ಆರಿದ ಮೇಲೆ ಮರದ ಮಗುಚುವ ಕೈಯಿಂದ ಮೆಲ್ಲಗೆ ನೂಕಿದರೆ ಪದರವಾಗಿ ಎದ್ದು ಬರುತ್ತದೆ. ಡಬ್ಬಿಯಲ್ಲಿ ಬರುವ ಸ್ಪ್ರೇ ಎಣ್ಣೆ ಬಳಸುತ್ತಿದ್ದರೆ ನಿಲ್ಲಿಸಿ. ಅದರಲ್ಲಿರುವ ಲೆಸಿಥಿನ್ ಹೀಗೆಯೇ ಅಂಟಿಕೊಂಡು ಕೂರುತ್ತದೆ.

ಬಸವರಾಜ, ದಾವಣಗೆರೆ

ಮೀನಾಕ್ಷಿ ಅಕ್ಕನವರ ತಾಯಿಯ ವಿಷಯ ಓದಿದ ಮೇಲೆ ಒಪ್ಪಿದೆ. ನಮ್ಮ ಅಜ್ಜಿಗೂ ಈಗ ಕೈ ಎತ್ತೋಕೆ ಕಷ್ಟ. ಆದರೂ ಸುಮಾ ಅವರಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಅತ್ತೆಯವರ ಕಬ್ಬಿಣದ ಕಾವಲಿಯನ್ನು ಗುಜರಿಗೆ ಹಾಕಬೇಡಿ. ಚಪಾತಿ, ರೊಟ್ಟಿ, ಹುರಿಯುವ ಕೆಲಸ ಅದರಲ್ಲೇ ಆಗಲಿ. ತುಕ್ಕು ಹಿಡಿದಿದ್ದರೆ ಉಜ್ಜಿ ತೊಳೆದು, ಒಲೆ ಮೇಲೆ ಪೂರ್ತಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಹೊಗೆ ಬರುವವರೆಗೆ ಕಾಯಿಸಿ, ಆರಿಸಿ. ಹೀಗೆ ನಾಲ್ಕೈದು ಸಲ ಮಾಡಿದರೆ ಕರ್ರಗೆ ಹೊಳೆಯುತ್ತದೆ.

ಸುಮಾ, ಹಾಸನ

ಅಟ್ಟದ ಮೇಲೆ ಇದೆ ಬಸವರಾಜ್ ಅಣ್ಣ, ಇಳಿಸ್ತೀನಿ.

ಎಲ್ಲರ ಮಾತು ಓದಿ ಹೀಗೆ ಅಂದುಕೊಂಡಿದ್ದೀನಿ. ದೋಸೆಗೂ ಅಕ್ಕಿ ರೊಟ್ಟಿಗೂ 4 ಮಿಲಿಮೀಟರ್‌ನ ಒಂದು ನಾನ್‌ಸ್ಟಿಕ್ ಕಾವಲಿ, ಸಣ್ಣ ಬರ್ನರ್ ಮೇಲೆ. ಚಪಾತಿಗೆ, ಪುಡಿ ಹುರಿಯೋಕೆ ಅತ್ತೆಯ ಕಾವಲಿ. ಒಂದು ಮರದ ಮಗುಚುವ ಕೈ. ಬಾಳೆ ಗಿಡ ಹಿತ್ತಲಲ್ಲೇ ಇದೆ. ಹಳೇ ಕಾವಲಿ ಏನು ಮಾಡಲಿ? ಮತ್ತೆ ಪಡ್ಡಿನ ಕಾವಲಿಯೂ ನಾನ್‌ಸ್ಟಿಕ್ ತಗೊಳ್ಳಬಹುದಾ?

ಮಂಜುನಾಥ, ಪಾತ್ರೆ ಅಂಗಡಿ, ಶಿವಮೊಗ್ಗ

ಹಳೇದನ್ನು ಗುಜರಿಯವರು ಅಲ್ಯುಮಿನಿಯಂ ತೂಕಕ್ಕೆ ತಗೊಳ್ತಾರೆ. ಹಿಡಿ ಬಿಚ್ಚಿ ಕೊಡಿ. ಕೆಲವು ಅಂಗಡಿಗಳಲ್ಲಿ ಹಳೇದಕ್ಕೆ ಹೊಸದು ಅಂತ ಎಕ್ಸ್‌ಚೇಂಜ್ ಇರುತ್ತದೆ. ಅಲ್ಲಿ ಕೊಡುವ ಕಾವಲಿ ತೆಳ್ಳಗಿನದಾ ಅಂತ ಮೊದಲು ನೋಡಿ, ರಿಯಾಯಿತಿ ಆಮೇಲೆ.

ಮೀನಾಕ್ಷಿ ಹೆಗಡೆ, ಶಿರಸಿ

ಪಡ್ಡಿಗೆ ಧಾರಾಳವಾಗಿ ತಗೊಳ್ಳಿ. ಗುಳಿ ಗುಳಿಗೆ ಎರಡೇ ಹನಿ ಎಣ್ಣೆ ಸಾಕು, ಮಾವನವರಿಗೂ ಕೊಡಬಹುದು. ಕಾವಲಿ ಇಟ್ಟ ಕೂಡಲೇ ಎಣ್ಣೆ ಹಾಕಿಬಿಡಿ, ಖಾಲಿ ಕಾಯಿಸಬೇಡಿ. ತಿರುಗಿಸೋಕೆ ಸ್ಟೀಲ್ ಕಡ್ಡಿಯಾಗಲಿ ಚಮಚವಾಗಲಿ ಬೇಡ, ಅದರ ಮೊನೆಯಿಂದ ಗುಳಿಯ ಅಂಚಿನಲ್ಲೇ ಮೊದಲು ಚಕ್ಕೆ ಏಳುತ್ತದೆ. ಡಬ್ಬದಲ್ಲಿ ಮರದ ಕಡ್ಡಿ ಕೊಟ್ಟಿರುತ್ತಾರೆ. ಅದು ಕಳೆದುಹೋದರೆ ಬಿದಿರಿನ ಕಡ್ಡಿಯನ್ನು ಚೂಪು ಮಾಡಿ ಇಟ್ಟುಕೊಳ್ಳಿ.